ಹಲ್ಲಿನ ಬುಡದ ಅರಿವು: ಒತ್ತಡಕ್ಕೆ ಸ್ಪಂದಿಸುವ ಜೀವಕೋಶಗಳು ಮತ್ತು ಜನಪದರ ತಿಳಿವಳಿಕೆ

1. ಪ್ರಸ್ತಾವನೆ

ಊಟಕ್ಕೆ ಕುಳಿತವರ ತುತ್ತಿನಲ್ಲಿ ಸಣ್ಣದೊಂದು ಕಲ್ಲು ಸಿಕ್ಕರೆ ಜಗಿಯುವ ಕೆಲಸ ಆ ಕ್ಷಣವೇ ನಿಲ್ಲುತ್ತದೆ. ಕಲ್ಲು ಕಣ್ಣಿಗೆ ಕಾಣುವುದಿಲ್ಲ; ಆದರೂ ಅದು ಯಾವ ಹಲ್ಲಿನ ಕೆಳಗಿದೆ ಎಂಬುದು ತಪ್ಪದೆ ತಿಳಿಯುತ್ತದೆ, ನಾಲಗೆ ನೇರವಾಗಿ ಅಲ್ಲಿಗೇ ಹೋಗಿ ಅದನ್ನು ಹೊರಕ್ಕೆ ತಳ್ಳುತ್ತದೆ. ಹಲ್ಲಿನ ಮೇಲ್ಪದರವಾದ ಎನಾಮೆಲ್‌ನಲ್ಲಿ ನರಗಳಿಲ್ಲ, ಜೀವಕೋಶಗಳೂ ಇಲ್ಲ. ಹಾಗಿದ್ದ ಮೇಲೆ ಕಲ್ಲನ್ನು ಅರಿತದ್ದು ಯಾವುದು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಇದಕ್ಕೆ ಉತ್ತರ ಹಲ್ಲಿನಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಹಲ್ಲಿನ ಬೇರನ್ನು ಸುತ್ತುವರಿದಿರುವ ತೆಳುವಾದ ಪದರವೊಂದರಲ್ಲಿದೆ. ಆ ಪದರದ ಜೀವಕೋಶಗಳು ಒತ್ತಡವನ್ನು ಅರಿಯುತ್ತವೆ. ಅರಿತು ಸುಮ್ಮನಿರದೆ, ಅದಕ್ಕನುಗುಣವಾಗಿ ಸುತ್ತಲಿನ ಮೂಳೆಯನ್ನೇ ಕರಗಿಸಿ ಮತ್ತೆ ಕಟ್ಟುತ್ತವೆ.

ಜಾನಪದ ಅಧ್ಯಯನವು ದೇಹ ಕುರಿತ ಜನಪದರ ತಿಳಿವಳಿಕೆಯನ್ನು ಬಹುಮಟ್ಟಿಗೆ ಜನಪದ ವೈದ್ಯದ ಹೆಸರಿನಲ್ಲಿ ಸಂಗ್ರಹಿಸಿದೆ. ಸಂಗ್ರಹದ ನಂತರದ ವಿವೇಚನೆಯಲ್ಲಿ ಮಾತ್ರ ಎರಡು ಅತಿಗಳು ಕಾಣುತ್ತವೆ. ಎಲ್ಲವೂ ನಮ್ಮ ಹಿರಿಯರಿಗೆ ಮೊದಲೇ ತಿಳಿದಿತ್ತು ಎಂಬುದು ಒಂದು. ಅವೆಲ್ಲವೂ ಮೂಢನಂಬಿಕೆ ಎಂಬುದು ಮತ್ತೊಂದು. ಈ ಎರಡು ನಿಲುವುಗಳಿಗೂ ಪರಿಶೀಲನೆಯ ಶ್ರಮ ಬೇಕಿಲ್ಲ. ಪ್ರಸ್ತುತ ಲೇಖನವು ದೇಹದ ಒಂದು ಚಿಕ್ಕ ಭಾಗವನ್ನು, ಎಂದರೆ ಹಲ್ಲಿನ ಬುಡವನ್ನು, ತೆಗೆದುಕೊಂಡು ಅಲ್ಲಿನ ಜೀವಕೋಶಗಳ ವ್ಯವಹಾರವನ್ನು ಕುರಿತು ವಿಜ್ಞಾನ ಇಂದು ಏನು ಹೇಳುತ್ತದೆ ಎಂಬುದನ್ನು ಮೊದಲು ವಿವರಿಸುತ್ತದೆ. ಆಮೇಲೆ, ಅದೇ ಸಂಗತಿಯನ್ನು ಕುರಿತ ಕೆಲವು ಜನಪದ ರೂಢಿಗಳನ್ನು ಅದರ ಬೆಳಕಿನಲ್ಲಿ ಪರಿಶೀಲಿಸುತ್ತದೆ.

2. ಹಲ್ಲನ್ನು ಹಿಡಿದಿರುವ ಪದರ

ಗೋಡೆಗೆ ಹೊಡೆದ ಮೊಳೆಯಂತೆ ಹಲ್ಲು ದವಡೆಯ ಮೂಳೆಯಲ್ಲಿ ನಾಟಿಕೊಂಡಿದೆ ಎಂದು ಭಾವಿಸುವುದು ಸಾಮಾನ್ಯ. ವಾಸ್ತವವಾಗಿ ಹಲ್ಲು ಮತ್ತು ಮೂಳೆ ಒಂದನ್ನೊಂದು ನೇರವಾಗಿ ಮುಟ್ಟುವುದಿಲ್ಲ. ಹಲ್ಲಿನ ಬೇರಿನ ಮೇಲೆ ಸಿಮೆಂಟಮ್ ಎಂಬ ತೆಳುವಾದ ಗಟ್ಟಿ ಲೇಪವಿದೆ. ದವಡೆಯ ಮೂಳೆಯಲ್ಲಿ ಬೇರಿನ ಆಕಾರಕ್ಕೆ ತಕ್ಕ ಗುಳಿಯಿದೆ. ಇವೆರಡರ ನಡುವೆ ಸುಮಾರು 0.15ರಿಂದ 0.38 ಮಿಲಿಮೀಟರ್ ದಪ್ಪದ ಮೃದುವಾದ ಪದರವೊಂದಿದೆ. ದಂತವೈದ್ಯರು ಪೆರಿಯೊಡಾಂಟಲ್ ಲಿಗಮೆಂಟ್ ಎಂದು ಕರೆಯುವ ಇದನ್ನು ಈ ಲೇಖನದಲ್ಲಿ 'ಪರಿದಂತ ಬಂಧಕ' ಅಥವಾ ಸಂಕ್ಷೇಪವಾಗಿ 'ಬಂಧಕ' ಎಂದು ಕರೆಯಲಾಗಿದೆ.

ಬಂಧಕದ ಮುಖ್ಯ ದ್ರವ್ಯವೆಂದರೆ ಕೊಲಾಜೆನ್ ಎಂಬ ಪ್ರೋಟೀನಿನ ನಾರುಗಳು. ಇವುಗಳ ಒಂದು ತುದಿ ಸಿಮೆಂಟಮ್‌ನಲ್ಲಿಯೂ ಇನ್ನೊಂದು ತುದಿ ಮೂಳೆಯಲ್ಲಿಯೂ ಹುದುಗಿದೆ. ಹೀಗೆ ಹುದುಗಿದ ತುದಿಗಳಿಗೆ ಹತ್ತೊಂಬತ್ತನೆಯ ಶತಮಾನದ ಅಂಗರಚನಾ ಶಾಸ್ತ್ರಜ್ಞ ವಿಲಿಯಂ ಶಾರ್ಪೀಯ ಹೆಸರು ಉಳಿದುಬಂದಿದೆ. ನಾರುಗಳಲ್ಲಿ ಹೆಚ್ಚಿನವು ಓರೆಯಾಗಿ, ಮೂಳೆಯ ಕಡೆಗೆ ಮೇಲಾಗಿಯೂ ಬೇರಿನ ಕಡೆಗೆ ಇಳಿಜಾರಾಗಿಯೂ ಹಬ್ಬಿರುವುದರಿಂದ, ಕಚ್ಚಿದಾಗ ಹಲ್ಲು ಗುಳಿಯ ತಳಕ್ಕೆ ಬಡಿಯುವುದಿಲ್ಲ. ನಾರುಗಳಿಂದ ತೂಗಿಕೊಂಡಂತೆ ನಿಲ್ಲುತ್ತದೆ. ಹಗ್ಗ ಹೆಣೆದ ಮಂಚದ ಮೇಲೆ ಕುಳಿತವರ ಭಾರ ಹಗ್ಗದ ಎಳೆತವಾಗಿ ಮಂಚದ ಚೌಕಟ್ಟಿಗೆ ಮುಟ್ಟುವ ಬಗೆಗೆ ಇದನ್ನು ಹೋಲಿಸಬಹುದು. ಮೇಲಿನಿಂದ ಬಿದ್ದ ಒತ್ತಡವನ್ನು ಮೂಳೆ ಬಹುಪಾಲು ಎಳೆತವಾಗಿ ಪಡೆಯುತ್ತದೆ.

ನಾರುಗಳ ನಡುವಣ ಅವಕಾಶ ಖಾಲಿಯಲ್ಲ. ಅಲ್ಲಿ ರಕ್ತನಾಳಗಳೂ ನರತುದಿಗಳೂ ಅಂಗಾಂಶದ ದ್ರವವೂ ಇವೆ. ನಾರನ್ನು ನೇಯುವ ಫೈಬ್ರೊಬ್ಲಾಸ್ಟ್ ಕೋಶಗಳು, ಮೂಳೆಯ ಅಂಚಿನಲ್ಲಿ ಮೂಳೆ ಕಟ್ಟುವ ಆಸ್ಟಿಯೊಬ್ಲಾಸ್ಟ್ ಕೋಶಗಳು, ಬೇರಿನ ಅಂಚಿನಲ್ಲಿ ಸಿಮೆಂಟಮ್ ಕಟ್ಟುವ ಕೋಶಗಳು ಇಲ್ಲಿವೆ. ಇವುಗಳಾಗಿ ಮಾರ್ಪಡಬಲ್ಲ ಕಾಂಡಕೋಶಗಳೂ ಇಲ್ಲಿವೆಯೆಂಬುದು 2004ರಲ್ಲಿ ವರದಿಯಾಯಿತು. ಫೈಬ್ರೊಬ್ಲಾಸ್ಟ್‌ಗಳು ಹಳೆಯ ನಾರನ್ನು ಒಡೆದು ಹೊಸದನ್ನು ನೇಯುವ ಕೆಲಸವನ್ನು ಸದಾ ಮಾಡುತ್ತಿರುತ್ತವೆ. ಚರ್ಮದ ಕೊಲಾಜೆನ್‌ಗಿಂತ ಬಂಧಕದ ಕೊಲಾಜೆನ್ ಬಹು ಬೇಗ ಬದಲಾಗುತ್ತದೆ. ಹೊರಗೆ ಅಚಲವಾಗಿ ಕಾಣುವ ಹಲ್ಲಿನ ಬುಡದಲ್ಲಿ ಹೀಗೆ ಬಿಡುವಿಲ್ಲದ ದುರಸ್ತಿ ನಡೆದಿರುತ್ತದೆ.

3. ತಿಳಿಯುವ ನರಗಳು

ಒತ್ತಡದ ಅರಿವು ಬಂಧಕದಲ್ಲಿ ಎರಡು ದಾರಿಗಳಲ್ಲಿ ಸಾಗುತ್ತದೆ. ಒಂದು ದಾರಿ ನರಗಳದು. ಅದು ಕ್ಷಣಾರ್ಧದಲ್ಲಿ ಮಿದುಳನ್ನು ಮುಟ್ಟುತ್ತದೆ. ಇನ್ನೊಂದು ಸ್ಥಳೀಯ ಜೀವಕೋಶಗಳದು. ಅದರ ಫಲ ಗಂಟೆಗಳು, ದಿನಗಳು, ತಿಂಗಳುಗಳ ಲೆಕ್ಕದಲ್ಲಿ ಪ್ರಕಟವಾಗುತ್ತದೆ. ಇವೆರಡರ ಭೇದವನ್ನು ಮನಸ್ಸಿನಲ್ಲಿಟ್ಟುಕೊಳ್ಳದಿದ್ದರೆ ಮುಂದಿನ ವಿವರಗಳು ಗೊಂದಲಕ್ಕೆ ಎಡೆಮಾಡುತ್ತವೆ.

ಬಂಧಕದ ನರತುದಿಗಳಲ್ಲಿ ರಫೀನಿ ಬಗೆಯವು ಮುಖ್ಯವಾದವು. ಕೊಲಾಜೆನ್ ನಾರುಗಳ ನಡುವೆ ಕವಲೊಡೆದು ಹಬ್ಬಿರುವ ಇವು ನಾರು ಎಳೆದಾಗ ಪ್ರಚೋದನೆಗೊಳ್ಳುತ್ತವೆ. ಈ ನರಗಳ ಕೆಲವು ಮೂಲಕೋಶಗಳು ಇತರ ಸ್ಪರ್ಶ ನರಗಳ ಕೋಶಗಳಂತೆ ಮಿದುಳಿನ ಹೊರಗಿನ ಗಂಟುಗಳಲ್ಲಿರದೆ, ಮಿದುಳಿನ ಕಾಂಡದ ಒಳಗೇ ಇರುವುದು ಒಂದು ವಿಶೇಷ. ಸ್ವೀಡನ್ನಿನ ಟ್ರುಲ್ಸನ್ ಮತ್ತು ಯೋಹಾನ್ಸನ್ ಅವರು 1990ರ ದಶಕದಿಂದ ಮನುಷ್ಯರಲ್ಲಿಯೇ ಈ ನರಗಳ ಸಂಜ್ಞೆಗಳನ್ನು ದಾಖಲಿಸಿದರು. ಮುಂಬಾಚಿ ಹಲ್ಲುಗಳ ನರಗಳು 1 ನ್ಯೂಟನ್‌ಗಿಂತ ಕಡಿಮೆ ಬಲಕ್ಕೆ ಅತ್ಯಂತ ಸೂಕ್ಷ್ಮವಾಗಿಯೂ, ದವಡೆಹಲ್ಲುಗಳ ನರಗಳು ಸುಮಾರು 4 ನ್ಯೂಟನ್‌ಗಿಂತ ಕಡಿಮೆ ಬಲಕ್ಕೆ ಸೂಕ್ಷ್ಮವಾಗಿಯೂ ಸ್ಪಂದಿಸುತ್ತವೆ ಎಂದು ಅವರ ಅಧ್ಯಯನಗಳಿಂದ ತಿಳಿದುಬಂದಿತು. 1 ನ್ಯೂಟನ್ ಎಂದರೆ ಸುಮಾರು 100 ಗ್ರಾಂ ತೂಕದ ಭಾರ. ಬಲವಾಗಿ ಕಚ್ಚುವಾಗ ಇದರ ನೂರಾರು ಪಟ್ಟು ಬಲ ಬೀಳಬಹುದು. ಎಂದರೆ ಈ ನರಗಳ ಕೆಲಸ ಪೂರ್ಣ ಬಲವನ್ನು ಅಳೆಯುವುದಲ್ಲ. ಆಹಾರ ಹಲ್ಲಿಗೆ ಮುಟ್ಟಿದ ಮೊದಲ ಕ್ಷಣವನ್ನೂ, ಬಲ ಬಂದ ದಿಕ್ಕನ್ನೂ ತಿಳಿಸುವುದು. ಕಡಲೆಯನ್ನು ಕಡಿಯುವ ಮುನ್ನ ಹಲ್ಲುಗಳ ನಡುವೆ ಅದನ್ನು ಹದವಾಗಿ ಹಿಡಿದುಕೊಳ್ಳಲು ಸಾಧ್ಯವಾಗುವುದು ಈ ಅರಿವಿನಿಂದ.

ಸಹಜ ಹಲ್ಲುಗಳ ನಡುವೆ ಸುಮಾರು 20 ಮೈಕ್ರೊಮೀಟರ್ ದಪ್ಪದ ಹಾಳೆಯಿಟ್ಟರೂ ವ್ಯಕ್ತಿಗೆ ತಿಳಿಯುತ್ತದೆ. ಮನುಷ್ಯನ ತಲೆಗೂದಲು ಸಾಮಾನ್ಯವಾಗಿ ಇದಕ್ಕಿಂತ ದಪ್ಪ. ಅನ್ನದಲ್ಲಿನ ಕಲ್ಲು ಅಡಗಲಾರದೆ ಹೋಗುವುದು ಈ ಕಾರಣದಿಂದ.

4. ಒತ್ತಡವು ಜೀವಕೋಶದ ಒಳಕ್ಕೆ ತಲುಪುವ ಬಗೆ

ಎರಡನೆಯ ದಾರಿಯಲ್ಲಿ ನರ ಮತ್ತು ಮಿದುಳುಗಳ ಆಳ್ವಿಕೆಯಿಲ್ಲ. ಇಲ್ಲಿ ಫೈಬ್ರೊಬ್ಲಾಸ್ಟ್, ಆಸ್ಟಿಯೊಬ್ಲಾಸ್ಟ್ ಮೊದಲಾದ ಸಾಮಾನ್ಯ ಕೋಶಗಳೇ ಬಲವನ್ನು ಅರಿಯುತ್ತವೆ. ಬಲವೆಂಬ ಭೌತ ಸಂಗತಿ ಜೀವಕೋಶದೊಳಗೆ ರಾಸಾಯನಿಕ ಸಂದೇಶವಾಗಿ ಮಾರ್ಪಡುವುದು ಹೇಗೆ ಎಂಬುದೇ ಇಲ್ಲಿನ ಕೇಂದ್ರ ಪ್ರಶ್ನೆ.

ಮೊದಲನೆಯದಾಗಿ, ಕೋಶವು ತನ್ನ ಸುತ್ತಲಿನ ನಾರುಗಳಿಗೆ ಇಂಟೆಗ್ರಿನ್ ಎಂಬ ಪ್ರೋಟೀನುಗಳ ಮೂಲಕ ಅಂಟಿಕೊಂಡಿದೆ. ಇಂಟೆಗ್ರಿನ್ ಕೋಶದ ಪೊರೆಯನ್ನು ಹಾಯ್ದು ನಿಂತಿರುತ್ತದೆ. ಹೊರತುದಿ ನಾರನ್ನು ಹಿಡಿದರೆ ಒಳತುದಿ ಕೋಶದ ಅಸ್ಥಿಪಂಜರವೆನ್ನಬಹುದಾದ ಆಕ್ಟಿನ್ ಎಳೆಗಳಿಗೆ ಕೂಡಿಕೊಂಡಿರುತ್ತದೆ. ಹೊರಗಿನ ನಾರು ಜಗ್ಗಿದಾಗ ಒಳಗಿನ ಎಳೆಯೂ ಜಗ್ಗುತ್ತದೆ. ಈ ಜಗ್ಗುವಿಕೆಯಿಂದ ಕೆಲವು ಕಿಣ್ವಗಳು ಚುರುಕುಗೊಂಡು, ಕೊನೆಗೆ ಕೋಶಕೇಂದ್ರದಲ್ಲಿ ಯಾವ ಜೀನ್‌ಗಳು ಕೆಲಸ ಮಾಡಬೇಕೆಂಬುದು ಬದಲಾಗುತ್ತದೆ.

ಎರಡನೆಯದಾಗಿ, ಕೋಶದ ಪೊರೆಯಲ್ಲಿಯೇ ಬಲಕ್ಕೆ ತೆರೆದುಕೊಳ್ಳುವ ಬಾಗಿಲುಗಳಿವೆ. ಅಮೆರಿಕದ ಸ್ಕ್ರಿಪ್ಸ್ ಸಂಶೋಧನ ಸಂಸ್ಥೆಯಲ್ಲಿ ಆರ್ಡೆಮ್ ಪಟಪೂಟಿಯನ್ ಮತ್ತು ಅವರ ಸಹೋದ್ಯೋಗಿ ಬರ್ಟ್ರಾಂಡ್ ಕಾಸ್ಟ್ ಅವರು, ಸೂಕ್ಷ್ಮ ಕಡ್ಡಿಯಿಂದ ಚುಚ್ಚಿದಾಗ ವಿದ್ಯುತ್ ಸಂಜ್ಞೆ ನೀಡುವ ಕೋಶಗಳನ್ನು ಆರಿಸಿ, ಅವುಗಳಲ್ಲಿ 72 ಜೀನ್‌ಗಳನ್ನು ಒಂದೊಂದಾಗಿ ನಿಷ್ಕ್ರಿಯಗೊಳಿಸುತ್ತ ಹೋದರು. ಅವುಗಳಲ್ಲಿ ಒಂದು ನಿಷ್ಕ್ರಿಯವಾದಾಗ ಕೋಶವು ಚುಚ್ಚುವಿಕೆಗೆ ಸ್ಪಂದಿಸದಾಯಿತು. ಒತ್ತುವುದು ಎಂಬ ಅರ್ಥದ ಗ್ರೀಕ್ ಪದದಿಂದ ಅದಕ್ಕೆ ಪೀಜೊ1 ಎಂದು ಹೆಸರಿಟ್ಟರು. ಅದರ ಸೋದರಿಯಂಥ ಪೀಜೊ2 ಕೂಡ ಪತ್ತೆಯಾಯಿತು. 2010ರಲ್ಲಿ ಪ್ರಕಟವಾದ ಈ ಸಂಶೋಧನೆಗಾಗಿ ಪಟಪೂಟಿಯನ್ ಅವರು, ಉಷ್ಣದ ಅರಿವಿನ ಬಗ್ಗೆ ಕೆಲಸ ಮಾಡಿದ ಡೇವಿಡ್ ಜೂಲಿಯಸ್ ಅವರೊಂದಿಗೆ, 2021ರ ನೊಬೆಲ್ ಪುರಸ್ಕಾರವನ್ನು ಹಂಚಿಕೊಂಡರು. ಪೊರೆ ಹಿಗ್ಗಿದಾಗ ಪೀಜೊ ದ್ವಾರ ತೆರೆದು ಕ್ಯಾಲ್ಸಿಯಂ ಅಯಾನುಗಳು ಒಳನುಗ್ಗುತ್ತವೆ. ಕ್ಯಾಲ್ಸಿಯಂನ ಏರಿಕೆ ಕೋಶಕ್ಕೆ ಒಂದು ಸಂದೇಶವಾಗುತ್ತದೆ. ಪರಿದಂತ ಬಂಧಕದ ಕೋಶಗಳಲ್ಲಿಯೂ ಪೀಜೊ1 ಇದೆ ಎಂಬುದನ್ನೂ, ಒತ್ತಿದಾಗ ಅದರ ಮೂಲಕ ಮೂಳೆ ಕರಗಿಸುವ ಸಂದೇಶಗಳು ಹೆಚ್ಚುತ್ತವೆ ಎಂಬುದನ್ನೂ ಪ್ರಯೋಗಾಲಯದ ಅಧ್ಯಯನಗಳು ತೋರಿಸಿವೆ.

ಮೂರನೆಯದಾಗಿ, ಮೂಳೆಯೊಳಗೆ ಹುದುಗಿರುವ ಆಸ್ಟಿಯೊಸೈಟ್ ಎಂಬ ಕೋಶಗಳೂ ಈ ವ್ಯವಹಾರದಲ್ಲಿ ಪಾಲುಗೊಳ್ಳುತ್ತವೆ. ಇವು ಕೂದಲೆಳೆಗಿಂತ ಸಣ್ಣ ಕಾಲುವೆಗಳ ಮೂಲಕ ಒಂದಕ್ಕೊಂದು ಕೈಚಾಚಿಕೊಂಡಿವೆ. ಮೂಳೆ ಕಿಂಚಿತ್ ಬಾಗಿದರೂ ಆ ಕಾಲುವೆಗಳ ದ್ರವ ಸರಿದಾಡುತ್ತದೆ. ಆ ಹರಿವನ್ನು ಆಸ್ಟಿಯೊಸೈಟ್‌ಗಳು ಗ್ರಹಿಸುತ್ತವೆ.

ಈ ಹಿಂದೆ ಮತ್ತೊಂದು ವಿವರಣೆ ಪ್ರಚಾರದಲ್ಲಿತ್ತು. ಬಾಗಿದ ಮೂಳೆಯಲ್ಲಿ ವಿದ್ಯುತ್ ಹುಟ್ಟುತ್ತದೆ ಎಂದು ಜಪಾನಿನ ಫುಕಾಡ ಮತ್ತು ಯಸುಡ 1957ರಲ್ಲಿ ತೋರಿಸಿದ ಮೇಲೆ, ಆ ವಿದ್ಯುತ್ತೇ ಹಲ್ಲಿನ ಚಲನೆಗೆ ಕಾರಣವಿರಬೇಕೆಂದು ಹಲವರು ಭಾವಿಸಿದರು. ಆದರೆ ಆ ವಿದ್ಯುತ್ತು ಬಲ ಬಿದ್ದ ಕ್ಷಣ ಕಾಣಿಸಿಕೊಂಡು ಕೂಡಲೆ ಮಾಯವಾಗುತ್ತದೆ. ಹಲ್ಲು ಸರಿಯುವುದಾದರೋ ಬಿಡದೆ ಬೀಳುವ ಮೆಲುಬಲದಿಂದ. ಹೀಗಾಗಿ ಇಂದು ವಿದ್ಯುತ್ತಿಗಿಂತ ರಾಸಾಯನಿಕ ಸಂದೇಶಗಳಿಗೇ ಪ್ರಾಧಾನ್ಯವಿದೆ.

5. ಕರಗುವ ಬದಿ, ಕಟ್ಟುವ ಬದಿ

ಹಲ್ಲನ್ನು ಒಂದು ದಿಕ್ಕಿಗೆ ಬಿಡದೆ ತಳ್ಳಿದರೆ ಮುಂದಿನ ಬದಿಯಲ್ಲಿ ಬಂಧಕ ಒತ್ತಿಕೊಳ್ಳುತ್ತದೆ, ಹಿಂದಿನ ಬದಿಯಲ್ಲಿ ಎಳೆಯಲ್ಪಡುತ್ತದೆ. ಸ್ವೀಡನ್ನಿನ ಕಾರ್ಲ್ ಸ್ಯಾಂಡ್‌ಸ್ಟೆಡ್ 1904-05ರಲ್ಲಿ ನಾಯಿಗಳ ಹಲ್ಲುಗಳಿಗೆ ತಂತಿ ಕಟ್ಟಿ, ಸುಮಾರು ಮೂರು ವಾರಗಳ ಬಳಿಕ ಆ ಭಾಗವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಒತ್ತಿದ ಬದಿಯಲ್ಲಿ ಮೂಳೆ ಕರಗಿತ್ತು, ಎಳೆದ ಬದಿಯಲ್ಲಿ ಹೊಸ ಮೂಳೆ ಕಟ್ಟಿಕೊಂಡಿತ್ತು. ನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಈ ವೀಕ್ಷಣೆ ಇಂದಿಗೂ ಈ ಶಾಸ್ತ್ರದ ತಳಹದಿಯಾಗಿದೆ.

ಕರಗುವ ಬದಿಯಲ್ಲಿ ನಡೆಯುವುದಿಷ್ಟು. ಒತ್ತಡದಿಂದ ರಕ್ತದ ಹರಿವು ತಗ್ಗುತ್ತದೆ, ಕೋಶಗಳ ಆಕಾರ ಬದಲಾಗುತ್ತದೆ. ಅವು ಪ್ರೊಸ್ಟಾಗ್ಲಾಂಡಿನ್ ಮೊದಲಾದ ಉರಿಯೂತದ ಸಂದೇಶಗಳನ್ನು ಹೊರಸೂಸುತ್ತವೆ. ಮುಖ್ಯವಾಗಿ, ಬಂಧಕದ ಮತ್ತು ಮೂಳೆಯ ಕೋಶಗಳು ರ‍್ಯಾಂಕ್-ಎಲ್ ಎಂಬ ಪ್ರೋಟೀನನ್ನು ಹೆಚ್ಚಾಗಿ ಉಂಟುಮಾಡುತ್ತವೆ. 1998ರಲ್ಲಿ ಗುರುತಿಸಲಾದಂತೆ, ರಕ್ತಮೂಲದ ಕೋಶಗಳು ಒಂದುಗೂಡಿ ಮೂಳೆ ಕರಗಿಸುವ ಆಸ್ಟಿಯೊಕ್ಲಾಸ್ಟ್‌ಗಳಾಗಲು ಈ ಪ್ರೋಟೀನಿನ ಪ್ರೇರಣೆ ಅಗತ್ಯ. ಇದನ್ನು ತಡೆಯುವ ಓಪಿಜಿ ಎಂಬ ಇನ್ನೊಂದು ಪ್ರೋಟೀನೂ ಇದೆ. ಒತ್ತಿದ ಬದಿಯಲ್ಲಿ ರ‍್ಯಾಂಕ್-ಎಲ್ ಮೇಲುಗೈ ಪಡೆಯುತ್ತದೆ, ಎಳೆದ ಬದಿಯಲ್ಲಿ ಓಪಿಜಿ ಹೆಚ್ಚುತ್ತದೆ ಮತ್ತು ಆಸ್ಟಿಯೊಬ್ಲಾಸ್ಟ್‌ಗಳು ಹೊಸ ಮೂಳೆಯನ್ನು ಕಟ್ಟುತ್ತವೆ. ಹೀಗೆ ಮುಂದಿನ ಗೋಡೆ ಕರಗುತ್ತ, ಹಿಂದಿನ ಗೋಡೆ ಬೆಳೆಯುತ್ತ, ಹಲ್ಲು ತನ್ನ ಗುಳಿಯ ಸಮೇತ ಸ್ಥಳಾಂತರಗೊಳ್ಳುತ್ತದೆ. ಸಾಮಾನ್ಯವಾಗಿ ಇದರ ವೇಗ ತಿಂಗಳಿಗೆ ಸುಮಾರು 1 ಮಿಲಿಮೀಟರ್.

ಇಲ್ಲಿ ಎರಡು ಅಂಶಗಳು ವಿಶೇಷವಾಗಿ ಗಮನಾರ್ಹ. ಒಂದು, ಬಲದ ಪ್ರಮಾಣ. ಹೆಚ್ಚು ಬಲ ಹಾಕಿದರೆ ಹಲ್ಲು ಬೇಗ ಸರಿಯುತ್ತದೆ ಎಂಬುದು ಸಾಮಾನ್ಯ ತರ್ಕ. ವಾಸ್ತವ ಇದಕ್ಕೆ ವಿರುದ್ಧ. ಹಲ್ಲನ್ನು ವಾಲಿಸಿ ಸರಿಸಲು 35ರಿಂದ 60 ಗ್ರಾಂ ಭಾರದಷ್ಟು ಬಲ ಸಾಕು. 1932ರಲ್ಲಿ ಶ್ವಾರ್ಜ್ ಎಂಬ ವಿದ್ವಾಂಸರು ಬೇರಿನ ಮೇಲಿನ ಒತ್ತಡ ಸೂಕ್ಷ್ಮ ರಕ್ತನಾಳಗಳೊಳಗಿನ ಒತ್ತಡವನ್ನು, ಎಂದರೆ ಚದರ ಸೆಂಟಿಮೀಟರಿಗೆ 20ರಿಂದ 26 ಗ್ರಾಂಗಳನ್ನು, ಮೀರಬಾರದೆಂದು ಸೂಚಿಸಿದ್ದರು. ಬಲ ಮಿತಿಮೀರಿದರೆ ರಕ್ತನಾಳಗಳು ಅದುಮಿಹೋಗಿ ಅಲ್ಲಿನ ಕೋಶಗಳು ಸಾಯುತ್ತವೆ. ಸತ್ತ ಕೋಶಗಳು ಏನನ್ನೂ ಅರಿಯಲಾರವು, ಸಂದೇಶ ಕಳಿಸಲಾರವು. ಮೂಳೆ ಕರಗಿಸುವ ಕೋಶಗಳು ಸುತ್ತುಬಳಸಿ ಮಜ್ಜೆಯ ಕಡೆಯಿಂದ ಬರಬೇಕಾಗುತ್ತದೆ. ಹಲ್ಲಿನ ಚಲನೆ ಒಂದೆರಡು ವಾರ ತಡವಾಗುತ್ತದೆ, ಬೇರು ಕರಗುವ ಅಪಾಯವೂ ಹೆಚ್ಚುತ್ತದೆ. ಹಲ್ಲನ್ನು ಸರಿಸುವುದು ಬಲವಲ್ಲ, ಬಲವನ್ನು ಅರಿತ ಜೀವಂತ ಕೋಶಗಳು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಕಿಲ್ಲ.

ಎರಡು, ಬಲದ ಅವಧಿ. ಜಗಿಯುವಾಗ ಹಲ್ಲಿನ ಮೇಲೆ ಹಲವು ಕಿಲೋಗ್ರಾಂಗಳಷ್ಟು ಭಾರ ಬೀಳಬಹುದು; ಗಟ್ಟಿ ಪದಾರ್ಥ ಕಡಿದಾಗ ಅದು ಇನ್ನೂ ಅಧಿಕ. ಆದರೂ ಜಗಿಯುವುದರಿಂದ ಹಲ್ಲು ಸರಿಯುವುದಿಲ್ಲ. ಏಕೆಂದರೆ ಪ್ರತಿ ಜಗಿತದ ಒತ್ತಡ ಒಂದು ಸೆಕೆಂಡಿಗಿಂತ ಹೆಚ್ಚು ನಿಲ್ಲುವುದಿಲ್ಲ. ಆ ಅವಧಿಯಲ್ಲಿ ಬಂಧಕದ ದ್ರವವೇ ಭಾರವನ್ನು ತಾಳಿಕೊಳ್ಳುತ್ತದೆ. ಮೂರರಿಂದ ಐದು ಸೆಕೆಂಡು ಒತ್ತಿಹಿಡಿದರೆ ದ್ರವ ಸರಿದುಹೋಗಿ ನೋವು ಕಾಣಿಸಿಕೊಳ್ಳುತ್ತದೆ. ಒತ್ತಡ ಸುಮಾರು ನಾಲ್ಕು ಗಂಟೆ ಮುಂದುವರಿದಾಗ ಕೋಶಗಳೊಳಗಿನ ರಾಸಾಯನಿಕ ಸಂದೇಶಗಳ ಏರಿಕೆ ಕಾಣುತ್ತದೆ. ದಿನಕ್ಕೆ ಸುಮಾರು ಆರು ಗಂಟೆಯಾದರೂ ಬಲ ಬಿದ್ದರೆ ಮಾತ್ರ ಹಲ್ಲು ಸರಿಯತೊಡಗುತ್ತದೆ ಎಂಬುದು ದಂತವಿನ್ಯಾಸ ತಜ್ಞರ ಅಂದಾಜು. ಬಲ ದೊಡ್ಡದೋ ಚಿಕ್ಕದೋ ಎಂಬುದಕ್ಕಿಂತ ಅದು ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಕೋಶಗಳಿಗೆ ಮುಖ್ಯ. ಈ ಕಾರಣದಿಂದಲೇ ತುಟಿ, ಕೆನ್ನೆ ಮತ್ತು ನಾಲಗೆಗಳು ಹಗಲಿರುಳು ಹಾಕುವ ಅತ್ಯಲ್ಪ ಒತ್ತಡ ಹಲ್ಲುಸಾಲಿನ ಆಕಾರವನ್ನು ನಿರ್ಧರಿಸುವಲ್ಲಿ ಜಗಿತದ ದೊಡ್ಡ ಬಲಕ್ಕಿಂತ ಹೆಚ್ಚಿನ ಪಾತ್ರ ವಹಿಸುತ್ತದೆ.

6. ಜನಪದ ತಿಳಿವಳಿಕೆಯ ಪರಿಶೀಲನೆ

ಮೇಲಿನ ಹಿನ್ನೆಲೆಯಲ್ಲಿ ಮೂರು ರೂಢಿಗಳನ್ನು ಇಲ್ಲಿ ಪರಿಶೀಲಿಸಬಹುದಾಗಿದೆ.

ಅ. ಬೆರಳು ಚೀಪುವುದು

ಮಗು ಬೆರಳು ಚೀಪುತ್ತಿದ್ದರೆ ಹಲ್ಲು ಉಬ್ಬುತ್ತದೆ ಎಂದು ಮನೆಯ ಹಿರಿಯ ಹೆಂಗಸರು ಎಚ್ಚರಿಸುವುದುಂಟು. ಬೆರಳಿಗೆ ಬೇವಿನ ಕಹಿ ಹಚ್ಚಿ ಆ ಅಭ್ಯಾಸವನ್ನು ಬಿಡಿಸುವುದೂ ಉಂಟು. ಈ ಎಚ್ಚರಿಕೆ ಸರಿಯಾದದ್ದು. ಹೆಬ್ಬೆರಳು ಮೇಲಿನ ಬಾಚಿಹಲ್ಲುಗಳನ್ನು ಮುಂದಕ್ಕೂ ಕೆಳಗಿನವುಗಳನ್ನು ಹಿಂದಕ್ಕೂ ತಳ್ಳುತ್ತದೆ. ಆದರೆ ಬೆರಳು ಚೀಪುವ ಮಕ್ಕಳೆಲ್ಲರ ಹಲ್ಲೂ ಉಬ್ಬುವುದಿಲ್ಲ. ಜೋರಾಗಿ ಚೀಪಿದರೂ ಸ್ವಲ್ಪ ಹೊತ್ತಿಗೆ ಬಿಡುವ ಮಗುವಿನ ಹಲ್ಲಿಗಿಂತ, ಮೆಲ್ಲಗೆ ಚೀಪುತ್ತ ರಾತ್ರಿಯೆಲ್ಲ ಬಾಯಲ್ಲಿ ಬೆರಳಿಟ್ಟು ಮಲಗುವ ಮಗುವಿನ ಹಲ್ಲು ಹೆಚ್ಚು ಸರಿಯುತ್ತದೆ. ಅವಧಿ ಕುರಿತ ಮೇಲಿನ ನಿಯಮ ಇದನ್ನು ವಿವರಿಸುತ್ತದೆ. ಶಾಶ್ವತ ಹಲ್ಲು ಬರುವ ಮುನ್ನ ಅಭ್ಯಾಸ ಬಿಟ್ಟುಹೋದರೆ ಬಹುಮಟ್ಟಿಗೆ ತೊಂದರೆ ಉಳಿಯುವುದಿಲ್ಲ. ಇಲ್ಲಿ ಜನಪದರ ವೀಕ್ಷಣೆಯೂ ಕಾರಣವೂ ಪರಿಹಾರದ ದಿಕ್ಕೂ ಸರಿಯಾಗಿವೆ. ವಿಜ್ಞಾನ ಅದಕ್ಕೆ ಮಿತಿಯನ್ನು ಮಾತ್ರ ಹೇಳುತ್ತದೆ.

ಆ. ಹಾಲುಹಲ್ಲು ಬೀಳುವುದು

ಬಿದ್ದ ಹಾಲುಹಲ್ಲನ್ನು ಸಗಣಿಯ ಉಂಡೆಯಲ್ಲಿಟ್ಟು ಮನೆಯ ಮಾಡಿನ ಮೇಲೆ ಎಸೆಯುವ ರೂಢಿ ಕರ್ನಾಟಕದ ಹಲವೆಡೆ ಇದೆ. ಜಪಾನಿನಲ್ಲಿ ಕೆಳಸಾಲಿನ ಹಲ್ಲನ್ನು ಮಾಡಿನ ಮೇಲಕ್ಕೂ ಮೇಲುಸಾಲಿನದನ್ನು ನೆಲಗಟ್ಟಿನ ಕೆಳಕ್ಕೂ ಎಸೆಯುವರು. ಹೊಸ ಹಲ್ಲು ಹಳೆಯದರ ಕಡೆಗೆ ನೆಟ್ಟಗೆ ಬೆಳೆಯಲಿ ಎಂಬ ಆಶಯ ಅದರಲ್ಲಿದೆ. ಈ ಆಚರಣೆಗಳು ಬೆಳವಣಿಗೆಯ ಒಂದು ಹಂತವನ್ನು ಗುರುತಿಸುವಂಥವು. ಅವುಗಳಿಂದ ಜೀವವಿಜ್ಞಾನವನ್ನು ಅಪೇಕ್ಷಿಸುವುದು ತರವಲ್ಲ. ಆದರೆ ಆಚರಣೆಯ ಜೊತೆಗೆ, 'ಹೊಸ ಹಲ್ಲು ಹಳೆಯದನ್ನು ತಳ್ಳಿ ಬೀಳಿಸುತ್ತದೆ' ಎಂಬ ವಿವರಣೆಯೂ ಪ್ರಚಲಿತವಾಗಿದೆ. ಬಿದ್ದ ಹಾಲುಹಲ್ಲಿಗೆ ಬೇರೇ ಇರುವುದಿಲ್ಲ ಎಂಬುದನ್ನು ಜನ ಸರಿಯಾಗಿಯೇ ಗಮನಿಸಿದ್ದಾರೆ. ಆ ಬೇರು ಮೂಳೆ ಕರಗಿಸುವ ಕೋಶಗಳನ್ನು ಹೋಲುವ ಕೋಶಗಳಿಂದ ಕರಗಿಹೋಗಿರುತ್ತದೆ.

ಇದರಲ್ಲಿ ತಳ್ಳುವಿಕೆಯ ಪಾತ್ರವೆಷ್ಟು ಎಂಬುದನ್ನು ಮಾರ್ಕ್ಸ್ ಮತ್ತು ಕ್ಯಾಹಿಲ್ ಎಂಬ ಸಂಶೋಧಕರು ನಾಯಿಗಳಲ್ಲಿ ಪರೀಕ್ಷಿಸಿದರು. ದವಡೆಯೊಳಗೆ ರೂಪುಗೊಳ್ಳುತ್ತಿದ್ದ ಹಲ್ಲನ್ನು ತೆಗೆದು, ಅದನ್ನು ಸುತ್ತುವರಿದ ಚೀಲದಂಥ ಪೊರೆಯನ್ನು ಮಾತ್ರ ಉಳಿಸಿ, ಅದರೊಳಗೆ ಲೋಹದ ನಿರ್ಜೀವ ಪ್ರತಿಕೃತಿಯನ್ನು ಇಟ್ಟರು. ಆ ಲೋಹದ ತುಂಡೂ ಹಲ್ಲಿನಂತೆಯೇ ಹೊರಬಂದಿತೆಂದು 1984ರಲ್ಲಿ ಅವರು ಪ್ರಕಟಿಸಿದರು. ದಾರಿ ಬಿಡಿಸಿದ್ದು ಹಲ್ಲಿನ ತಳ್ಳುವಿಕೆಯಲ್ಲ, ಪೊರೆಯ ಕೋಶಗಳು ಕಳಿಸಿದ ಸಂದೇಶ. ಇಲ್ಲಿ ವೀಕ್ಷಣೆ ಸರಿ, ಕಾರಣ ತಪ್ಪು. ಈ ತಪ್ಪು ಜನಪದರದು ಮಾತ್ರವಲ್ಲ. ಹೊರಬರುವ ಹಲ್ಲಿನ ಬೇರೇ ಅದನ್ನು ಮೇಲಕ್ಕೆ ತಳ್ಳುತ್ತದೆ ಎಂಬ ಊಹೆ ದಂತಶಾಸ್ತ್ರದಲ್ಲಿಯೂ ಬಹುಕಾಲ ಇತ್ತು.

ಇ. ಬೆರಳಿನಿಂದ ಒತ್ತುವುದು

ಸಾಲು ತಪ್ಪಿ ಬಂದ ಹೊಸ ಹಲ್ಲನ್ನು ದಿನವೂ ಬೆರಳಿನಿಂದ ಒತ್ತುತ್ತಿದ್ದರೆ ಸರಿಹೋಗುತ್ತದೆ ಎಂಬ ಸಲಹೆ ನಮ್ಮ ಮನೆಗಳಲ್ಲಿ ಕೇಳಿಬರುವಂಥದು. ಇದೇ ಸಲಹೆ ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ಗ್ರಂಥಕಾರ ಸೆಲ್ಸಸ್ಸನ ವೈದ್ಯಗ್ರಂಥದಲ್ಲಿಯೂ ಇದೆ: ಹಾಲುಹಲ್ಲು ಬೀಳುವ ಮುನ್ನವೇ ಹೊಸ ಹಲ್ಲು ಹುಟ್ಟಿದರೆ, ಹಳೆಯದನ್ನು ಕಿತ್ತು, ಹೊಸದನ್ನು ಅದರ ಸ್ಥಾನಕ್ಕೆ ಬರುವ ತನಕ ಪ್ರತಿದಿನ ಬೆರಳಿನಿಂದ ತಳ್ಳಬೇಕು ಎಂಬುದು ಅದರ ತಾತ್ಪರ್ಯ. ಪರಸ್ಪರ ಸಂಪರ್ಕವಿಲ್ಲದ ಎರಡು ಕಡೆ ಒಂದೇ ಸಲಹೆ ಕಾಣುವುದಕ್ಕೆ ಒಂದೇ ಬಗೆಯ ಅನುಭವ ಕಾರಣವಿರಬೇಕು: ಒತ್ತಿದ ಹಲವು ಹಲ್ಲುಗಳು ನಿಜವಾಗಿಯೂ ಸರಿಹೋದವು.

ಆದರೆ ಅವಧಿಯ ನಿಯಮಕ್ಕೆ ಈ ಸಲಹೆ ಹೊಂದುವುದಿಲ್ಲ. ದಿನಕ್ಕೆ ಕೆಲವು ನಿಮಿಷಗಳ ಒತ್ತಡ ಕೋಶಗಳನ್ನು ಎಚ್ಚರಿಸಲು ಸಾಲದು. ಹಾಗಾದರೆ ಹಲ್ಲು ಸರಿಹೋದದ್ದು ಹೇಗೆ? ಸಾಮಾನ್ಯವಾಗಿ ಮಕ್ಕಳ ಕೆಳಸಾಲಿನ ಬಾಚಿಹಲ್ಲುಗಳು ಹಾಲುಹಲ್ಲಿನ ಹಿಂದೆ, ನಾಲಗೆಯ ಕಡೆ ಹುಟ್ಟುತ್ತವೆ. ಹಾಲುಹಲ್ಲು ಹೋಗಿ ಸ್ಥಳ ತೆರವಾದೊಡನೆ ನಾಲಗೆಯು ಹಗಲಿರುಳು ಹಾಕುವ ಒತ್ತಡ ಅವುಗಳನ್ನು ಮುಂದಕ್ಕೆ ತರುತ್ತದೆ. ಬೆರಳಿಗೆ ಸಂದ ಕೀರ್ತಿಯಲ್ಲಿ ಬಹುಪಾಲು ನಾಲಗೆಗೆ ಸೇರಬೇಕು. ಸೆಲ್ಸಸ್ಸನ ಸಲಹೆಯಲ್ಲಿ ಕೆಲಸ ಮಾಡಿದ್ದು ಮೊದಲ ಭಾಗ, ಎಂದರೆ ಅಡ್ಡವಿದ್ದ ಹಲ್ಲನ್ನು ತೆಗೆದದ್ದು. ಸ್ಥಳವೇ ಇಲ್ಲದೆಡೆ ಎಷ್ಟು ಒತ್ತಿದರೂ ಫಲವಿಲ್ಲದಿರುವುದು ಈ ಕಾರಣದಿಂದ. ಪರಿಣಾಮವನ್ನು ಸರಿಯಾಗಿ ಕಂಡು, ಕಣ್ಣಿಗೆ ಕಾಣುವ ಕ್ರಿಯೆಗೆ ಅದರ ಶ್ರೇಯಸ್ಸನ್ನು ಕೊಡುವ ಈ ಬಗೆ ಜನಪದ ವೈದ್ಯದ ಇತರ ಪ್ರಕರಣಗಳಲ್ಲಿಯೂ ಇರಬಹುದು. ಅದನ್ನು ಪರಿಶೀಲಿಸಿ ನೋಡುವುದು ನಮ್ಮ ಅಧ್ಯಯನದ ಹೊಣೆ.

7. ಬಂಧಕ ಕಳೆದುಕೊಂಡಾಗ

ಈ ಪದರದ ಬೆಲೆ ತಿಳಿಯುವುದು ಅದು ಇಲ್ಲವಾದಾಗ. ಸ್ವೀಡನ್ನಿನ ಬ್ರಾನೆಮಾರ್ಕ್ 1965ರಲ್ಲಿ ಮನುಷ್ಯರ ದವಡೆಗೆ ಮೊದಲ ಬಾರಿ ಅಳವಡಿಸಿದ ಟೈಟಾನಿಯಂ ಬೇರು ಮೂಳೆಗೆ ನೇರವಾಗಿ ಬೆಸೆದುಕೊಳ್ಳುತ್ತದೆ. ಅದರ ಸುತ್ತ ಬಂಧಕವಿಲ್ಲ. ಆದ್ದರಿಂದ ಅಂಥ ಹಲ್ಲು ತಂತಿ ಕಟ್ಟಿದರೆ ಸರಿಯುವುದಿಲ್ಲ. ಬೆಳೆಯುವ ಮಕ್ಕಳ ದವಡೆಯೊಡನೆ ಮುಂದುವರಿಯುವುದಿಲ್ಲ. ಸಣ್ಣ ಕಲ್ಲನ್ನು ಸಹಜ ಹಲ್ಲಿನಷ್ಟು ಸೂಕ್ಷ್ಮವಾಗಿ ಅರಿಯುವುದೂ ಇಲ್ಲ. ಕಡಿಯುವ ಶಕ್ತಿ ಮರಳಿ ಬಂದರೂ ಅರಿಯುವ ಶಕ್ತಿ ಪೂರ್ತಿಯಾಗಿ ಮರಳದು.

ನಮ್ಮಲ್ಲಿ ಬಂಧಕ ನಾಶವಾಗಲು ಮುಖ್ಯ ಕಾರಣ ಒಸಡಿನ ರೋಗ. ಹಲ್ಲಿನ ಬುಡದಲ್ಲಿ ಕೂಡಿದ ಪಾಚಿಯ ಸೂಕ್ಷ್ಮಜೀವಿಗಳಿಂದ ಉಂಟಾಗುವ ಉರಿಯೂತವೂ ರ‍್ಯಾಂಕ್-ಎಲ್‌ನ ದಾರಿಯಲ್ಲಿಯೇ ಮೂಳೆಯನ್ನು ಕರಗಿಸುತ್ತದೆ. ವ್ಯತ್ಯಾಸವೆಂದರೆ ಇಲ್ಲಿ ಕರಗಿದ ಬದಿಗೆ ಪ್ರತಿಯಾಗಿ ಕಟ್ಟುವ ಬದಿಯಿಲ್ಲ. ಹೊಗೆಸೊಪ್ಪು, ಕಡ್ಡಿಪುಡಿಗಳನ್ನು ಒಂದೇ ಕಡೆ ಒತ್ತರಿಸಿಟ್ಟುಕೊಳ್ಳುವವರಲ್ಲಿ ಆ ಜಾಗದ ಒಸಡು ಕುಗ್ಗಿ ಬೇರು ಹೊರಗಾಣುತ್ತದೆ. ಅಲ್ಲಾಡುವ ಹಲ್ಲನ್ನು ಇದ್ದಿಲು, ಇಟ್ಟಿಗೆಯ ಪುಡಿಗಳಿಂದ ಉಜ್ಜಿ ಗಟ್ಟಿಮಾಡಬಹುದೆಂಬ ನಂಬಿಕೆ ಇಂಥಲ್ಲಿ ಹಾನಿಕಾರಕ. ಉಜ್ಜುವಿಕೆ ಮೇಲ್ಪದರವನ್ನು ಸವೆಸುತ್ತದೆಯೇ ಹೊರತು ಬುಡದ ಕೋಶಗಳಿಗೆ ನೆರವಾಗದು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆ ಹಲ್ಲು ಹೋಗುವುದನ್ನು ವಯಸ್ಸಿನ ಸಹಜ ಧರ್ಮವೆಂದು ಒಪ್ಪಿಕೊಂಡಿದೆ. ಆದರೆ ಹಲ್ಲು ಬೀಳುವುದಕ್ಕೆ ಮುಪ್ಪಿಗಿಂತ ಬಹುಮಟ್ಟಿಗೆ ತಡೆಯಬಹುದಾದ ರೋಗಗಳೇ ಕಾರಣ.

ಇನ್ನೊಂದು ಅಪಾಯ ಹೊಸದು. ಹಲ್ಲಿನ ನಡುವಣ ಸಂದು ಮುಚ್ಚಲು ಎರಡು ಹಲ್ಲುಗಳಿಗೆ ಸಣ್ಣ ರಬ್ಬರ್ ಬ್ಯಾಂಡ್ ಸುತ್ತಿಕೊಳ್ಳುವ ಸಲಹೆ ಇತ್ತೀಚಿನ ವರ್ಷಗಳಲ್ಲಿ ಅಂತರಜಾಲದ ಮೂಲಕ ಹರಡಿದೆ. ಬಾಯಿಂದ ಬಾಯಿಗೆ ಹರಡುವ ಮನೆಮದ್ದಿನ ಲಕ್ಷಣಗಳೆಲ್ಲ ಇದಕ್ಕಿವೆ: ಸುಲಭ, ಅಗ್ಗ, ಕಣ್ಣೆದುರಿಗೇ ಫಲ. ಬೆರಳಿನ ಒತ್ತಡ ನಿಷ್ಫಲವಾದರೂ ನಿರಪಾಯಕಾರಿ. ರಬ್ಬರ್ ಬ್ಯಾಂಡಾದರೋ ಅವಧಿಯ ನಿಯಮವನ್ನು ಪೂರ್ತಿಯಾಗಿ ಪಾಲಿಸುತ್ತದೆ. ಅದು ಕ್ಷಣಮಾತ್ರವೂ ಬಿಡುವುದಿಲ್ಲ. ಬೇರು ಕೆಳಗೆ ಮೊನಚಾಗಿರುವುದರಿಂದ ಅದು ಒಸಡಿನೊಳಕ್ಕೆ ಜಾರಿ, ಬೇರಿನುದ್ದಕ್ಕೂ ಇಳಿಯುತ್ತ ಬಂಧಕವನ್ನೂ ಮೂಳೆಯನ್ನೂ ನಾಶಮಾಡುತ್ತದೆ. ಕೊನೆಗೆ ಎರಡೂ ಹಲ್ಲುಗಳನ್ನು ಕಳೆದುಕೊಂಡ ಪ್ರಕರಣಗಳು ದಂತವೈದ್ಯ ಸಾಹಿತ್ಯದಲ್ಲಿ ದಾಖಲಾಗಿವೆ.

8. ಉಪಸಂಹಾರ

ಹಲ್ಲಿನ ಬುಡದ ಅರ್ಧ ಮಿಲಿಮೀಟರಿಗೂ ಕಡಿಮೆ ದಪ್ಪದ ಪದರವೊಂದು ಬಲವನ್ನು ಅರಿಯುತ್ತದೆ, ಅದರ ದಿಕ್ಕನ್ನೂ ಅವಧಿಯನ್ನೂ ಗುರುತಿಸುತ್ತದೆ, ಮೂಳೆಯನ್ನು ಒಂದು ಬದಿಯಲ್ಲಿ ಕರಗಿಸಿ ಇನ್ನೊಂದು ಬದಿಯಲ್ಲಿ ಕಟ್ಟುತ್ತದೆ. ಈ ವ್ಯವಹಾರದ ಫಲಗಳನ್ನು ಜನ ಬಹುಕಾಲದಿಂದ ಕಂಡಿದ್ದಾರೆ. ಅದರ ಕಾರಣಗಳು ತಿಳಿಯತೊಡಗಿದ್ದು ಕಳೆದ ನೂರಿಪ್ಪತ್ತು ವರ್ಷಗಳಲ್ಲಿ.

ಮೇಲೆ ಪರಿಶೀಲಿಸಿದ ಮೂರು ರೂಢಿಗಳಿಂದ ಒಂದು ವಿಧಾನವನ್ನು ರೂಪಿಸಿಕೊಳ್ಳಬಹುದು. ಯಾವುದೇ ಜನಪದ ತಿಳಿವಳಿಕೆಯಲ್ಲಿ ವೀಕ್ಷಣೆ, ಕಾರಣ, ಪರಿಹಾರ ಎಂಬ ಮೂರು ಅಂಶಗಳು ಬೆರೆತಿ�ರುತ್ತವೆ. ಬೆರಳು ಚೀಪುವ ವಿಷಯದಲ್ಲಿ ಮೂರೂ ಸರಿಯಿವೆ. ಹಾಲುಹಲ್ಲಿನ ವಿಷಯದಲ್ಲಿ ವೀಕ್ಷಣೆ ಸರಿಯಿದ್ದು ಕಾರಣ ತಪ್ಪಿದೆ. ಬೆರಳಿನಿಂದ ಒತ್ತುವ ವಿಷಯದಲ್ಲಿ ಫಲದ ವೀಕ್ಷಣೆ ಸರಿಯಿದ್ದು ಶ್ರೇಯಸ್ಸು ಬೇರೆಡೆಗೆ ಸಂದಿದೆ. ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಹೊಗಳುವುದಾಗಲಿ ತೆಗಳುವುದಾಗಲಿ ಜನರಿಗೆ ನ್ಯಾಯ ಒದಗಿಸುವುದಿಲ್ಲ. ಸಂಗ್ರಾಹಕರು ಹೇಳಿಕೆಯನ್ನು ದಾಖಲಿಸುವಾಗಲೇ ವಕ್ತೃ ಕಂಡದ್ದೇನು, ಅದಕ್ಕೆ ಅವರು ಕೊಡುವ ಕಾರಣವೇನು, ಮಾಡುವ ಉಪಾಯವೇನು ಎಂಬುದನ್ನು ಬೇರೆ ಬೇರೆಯಾಗಿ ಕೇಳಿ ಬರೆದುಕೊಂಡರೆ, ಮುಂದೆ ವೈದ್ಯವಿಜ್ಞಾನದೊಡನೆ ಹೋಲಿಸಿ ನೋಡುವ ಕೆಲಸ ಸುಗಮವಾಗುತ್ತದೆ. ರಬ್ಬರ್ ಬ್ಯಾಂಡಿನಂಥ ಹೊಸ ಮನೆಮದ್ದುಗಳು ದಿನದಿನವೂ ಹುಟ್ಟುತ್ತಿರುವಾಗ ಈ ವಿವೇಚನೆ ಅಧ್ಯಯನದ ಶಿಸ್ತಿಗೆ ಮಾತ್ರವಲ್ಲದೆ ಜನರ ಆರೋಗ್ಯಕ್ಕೂ ಅಗತ್ಯವಾಗಿದೆ.